ಪಾಣೆಮಂಗಳೂರಿನಿಂದ ಒಂದು ವಿಡಿಯೊ ಕರೆ

2022ರಲ್ಲಿ ನಾನು ಬಂಟ್ವಾಳದಲ್ಲಿ ಉಪ ವಿಭಾಗೀಯ ಇಂಜಿನಿಯರ್ ಆಗಿದ್ದೆ. ಮನೆ ಮನೆಗೆ ಫೋನ್ ಮತ್ತು ಫೈಬರ್ ಇಂಟರ್ನೆಟ್ ಕೊಡುವ ಸಂಸ್ಥೆ ನಮ್ಮದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯ ದೂರುಗಳಲ್ಲಿ ಕೆಳಗಿನವರ ಕೈಯಲ್ಲಿ ಬಗೆಹರಿಯದೆ ಉಳಿದವೆಲ್ಲ ಕೊನೆಗೆ ನನ್ನ ಮೇಜಿಗೆ ಬರುತ್ತಿದ್ದವು. ಬೆಳ್ತಂಗಡಿ ಕಡೆ ಮರ ಬಿದ್ದು ಕೇಬಲ್ ತುಂಡಾಗುತ್ತಿತ್ತು. ವಾಮದಪದವಿನಲ್ಲಿ ರಸ್ತೆ ಅಗೆಯುವ ಜೆಸಿಬಿಗೆ ನಮ್ಮ ಕೇಬಲ್ ಮೇಲೆ ಅದೇನು ಸಿಟ್ಟೋ, ತಿಂಗಳಿಗೊಮ್ಮೆ ಕಡಿಯದೆ ಬಿಡುತ್ತಿರಲಿಲ್ಲ. ನನ್ನ ಮನೆ ಇರುವ ಮೂಡುಬಿದಿರೆಯಲ್ಲಂತೂ ಜನ ದೂರನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಗೋಜಿಗೇ ಹೋಗದೆ ಕಂಪೌಂಡ್ ಗೋಡೆಯ ಆಚೆಯಿಂದಲೇ ಕೂಗಿ ಹೇಳುತ್ತಿದ್ದರು. ನಾನು ಸ್ವಭಾವದಲ್ಲಿ ಸ್ವಲ್ಪ ಸಿಡುಕಿ. ಲೈನ್ ಸರಿ ಇದ್ದೂ ಲೈನನ್ನು ಬೈಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಪಾಣೆಮಂಗಳೂರಿನಿಂದ ಒಂದು ದೂರು ಬಂತು. ಬರೆದವರು ನಸೀಮಾ ಎಂಬ ಹೆಂಗಸು. ಕೊಲ್ಲಿ ದೇಶದಲ್ಲಿರುವ ತನ್ನ ಅಣ್ಣನಿಗೆ ಮನೆಯ ಇಂಟರ್ನೆಟ್ಟಿನಿಂದ ವಿಡಿಯೊ ಕರೆ ಹೋಗುವುದಿಲ್ಲ, ಮೆಸೇಜು ಹೋಗುತ್ತದೆ, ಫೋಟೊ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ, ಹಾಗಾದರೆ ನೀವು ಬೇಕೆಂದೇ ಕರೆಗಳನ್ನು ತಡೆಯುತ್ತಿದ್ದೀರಿ, ಇದು ನೆಟ್ ನ್ಯೂಟ್ರಾಲಿಟಿ ನಿಯಮದ ಉಲ್ಲಂಘನೆ ಎಂದು ಆಕೆ ಬರೆದಿದ್ದರು. ನಮ್ಮ ಲೈನ್‌ಮನ್ ಲೋಕೇಶ ಅಷ್ಟರಲ್ಲಾಗಲೇ ಅಲ್ಲಿಗೆ ಹೋಗಿ ರೂಟರ್ ಬದಲಾಯಿಸಿ ಬಂದಿದ್ದ. ಮತ್ತೊಮ್ಮೆ ಹೋಗಿ ಮನೆಯೊಳಗಿನ ವಯರನ್ನೂ ಬದಲಾಯಿಸಿದ್ದ.

"ಲೈನಿಗೆ ಎಂತ ಆಗ್ಲಿಲ್ಲ ಮೇಡಂ. ಮೂವತ್ತರ ಪ್ಲಾನಿಗೆ ಇಪ್ಪತ್ತೊಂಬತ್ತು ಸ್ಪೀಡ್ ಬರ್ತದೆ. ನನ್ನ ಮನೆಯಲ್ಲೇ ಅಷ್ಟು ಬರುದಿಲ್ಲ" ಎಂದ ಲೋಕೇಶ.

ನೆಟ್ ನ್ಯೂಟ್ರಾಲಿಟಿ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇಂಟರ್ನೆಟ್ಟಿನಲ್ಲಿ ಹೋಗುವ ಸಿನಿಮಾ, ಪತ್ರ, ಮಾತು, ಚಿತ್ರ ಎಲ್ಲವೂ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತವೆ. ಈ ತುಂಡುಗಳಿಗೆ ಪ್ಯಾಕೆಟ್ ಎನ್ನುತ್ತಾರೆ. ದಾರಿ ಒದಗಿಸುವ ನಮ್ಮಂಥವರು ಪ್ಯಾಕೆಟ್ಟಿನೊಳಗೆ ಏನಿದೆ, ಅದು ಯಾರದ್ದು ಎಂದು ನೋಡಿ ಒಂದನ್ನು ಬೇಗ ಬಿಡುವುದು, ಇನ್ನೊಂದನ್ನು ನಿಧಾನ ಮಾಡುವುದು, ಮತ್ತೊಂದನ್ನು ತಡೆಯುವುದು ಮಾಡಬಾರದು. ಸೇತುವೆಯ ಮೇಲೆ ಬಸ್ಸಿಗೂ ರಿಕ್ಷಾಕ್ಕೂ ಒಂದೇ ದಾರಿ ಇದ್ದ ಹಾಗೆ. ನಮ್ಮ ದೇಶದಲ್ಲಿ ಈ ಆ್ಯಪಿಗೆ ಒಂದು ದರ, ಆ ಆ್ಯಪಿಗೆ ಇನ್ನೊಂದು ದರ ಎಂದು ಮಾಡುವುದನ್ನು 2016ರಲ್ಲಿ ನಿಷೇಧಿಸಿದರು. ತಡೆಯುವುದು, ನಿಧಾನ ಮಾಡುವುದು ಕೂಡದು ಎಂಬ ತತ್ವವನ್ನು 2018ರಲ್ಲಿ ಒಪ್ಪಿ, ಸೇವೆ ಕೊಡುವವರ ಪರವಾನಗಿಯ ಷರತ್ತಿನಲ್ಲೇ ಸೇರಿಸಿದರು. ಹಾಗಾಗಿ ನಸೀಮಾ ಬರೆದದ್ದು ಸಣ್ಣ ಆರೋಪವಲ್ಲ. ಅದು ನಿಜವಾದರೆ ಸಂಸ್ಥೆಯ ಪರವಾನಗಿಗೇ ಸಂಚಕಾರ. ಅಂಥ ದೂರಿಗೆ ಅಧಿಕಾರಿಯೇ ಖುದ್ದು ಪರೀಕ್ಷಿಸಿ ಉತ್ತರ ಬರೆಯಬೇಕು.

ಸುಳ್ಳು ಆರೋಪ ಎಂದು ನನಗೆ ಗೊತ್ತಿತ್ತು. ಕೋಪ ನೆತ್ತಿಗೇರಿತ್ತು. ಎಲ್ಲೋ ನಾಲ್ಕಕ್ಷರ ಓದಿಕೊಂಡು ನಮ್ಮ ಮೇಲೆಯೇ ಪ್ರಯೋಗಿಸುತ್ತಾರಲ್ಲ ಎಂದು ಲೋಕೇಶನ ಹತ್ತಿರ ಹೇಳುತ್ತಲೇ ಜೀಪು ಹತ್ತಿದೆ.

ನೇತ್ರಾವತಿಯ ಹಳೆಯ ಸೇತುವೆಯಿಂದ ಸ್ವಲ್ಪ ಒಳಗೆ, ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ನಸೀಮಾ ಬಾಗಿಲಲ್ಲೇ ಕಾಯುತ್ತಿದ್ದರು. ಮೂವತ್ತರ ಆಸುಪಾಸಿನ ವಯಸ್ಸು. ಮನೆಯ ಮುಂದಿನ ಕೋಣೆಯಲ್ಲೇ ಬುರ್ಖಾ ಹೊಲಿದು ಕೊಡುವ ಕೆಲಸ ಮಾಡುತ್ತಿದ್ದರು. ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ, ಆಕೆ ನನಗೆ ಕುರ್ಚಿ ಒರೆಸಿ ಕೊಟ್ಟರು.

"ಬನ್ನಿ ಮೇಡಂ. ದೂರಿನಲ್ಲಿ ಜೋರು ಬರೆದಿದ್ದೇನೆ, ಬೇಜಾರು ಮಾಡಬೇಡಿ. ಹಾಗೆ ಬರೆಯದಿದ್ದರೆ ದೊಡ್ಡವರು ಬರುದಿಲ್ಲ ಅಂತ ಒಬ್ಬರು ಹೇಳಿದರು" ಎಂದರು.

ಅಷ್ಟು ನೇರವಾಗಿ ಹೇಳಿದ ಮೇಲೆ ಜಗಳವಾಡುವುದಾದರೂ ಹೇಗೆ. ಒಳಗಿನಿಂದ ಇನ್ನೊಬ್ಬಳು ಬಂದು ಬಾಗಿಲ ಪಕ್ಕ ನಿಂತಳು. ಇಪ್ಪತ್ತೈದು ಇಪ್ಪತ್ತಾರರ ಸಪುರ ಹೆಂಗಸು, ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ ಮೊಬೈಲು. ನಾನು ನಮಸ್ಕಾರ ಎಂದೆ. ಉತ್ತರ ಬರಲಿಲ್ಲ.

"ನನ್ನ ಅತ್ತಿಗೆ, ಸಫಿಯಾ. ಅವಳಿಗೆ ಕಿವಿ ಕೇಳುದಿಲ್ಲ ಮೇಡಂ, ಮಾತೂ ಬರುದಿಲ್ಲ. ನನ್ನ ಅಣ್ಣ ಹನೀಫನಿಗೂ ಹಾಗೆಯೇ" ಎಂದರು ನಸೀಮಾ.

ದೂರಿನಲ್ಲಿ ಈ ಮಾತು ಇರಲಿಲ್ಲ. ಹನೀಫ್ ಮರದ ಕೆಲಸದವನು, ಕೊಲ್ಲಿಯಲ್ಲಿ ಕಟ್ಟಡ ಕಂಪನಿಯೊಂದರಲ್ಲಿ ಕೆಲಸ. ಸಣ್ಣವನಿದ್ದಾಗ ಕಿವುಡ ಮಕ್ಕಳ ಶಾಲೆಗೆ ಕೆಲವು ವರ್ಷ ಹೋಗಿ ಸನ್ನೆ ಭಾಷೆ ಕಲಿತವನು. ಓದು ಬರಹ ಹೆಸರು ಬರೆಯುವಷ್ಟು, ಒಂದೆರಡು ಶಬ್ದ ಗುರುತಿಸುವಷ್ಟು. ಸಫಿಯಾ ಕನ್ಯಾನದವಳು. ಶಾಲೆಯ ಮೆಟ್ಟಿಲು ಹತ್ತಿಲ್ಲ. ಮದುವೆಯಾಗಿ ಬರುವಾಗ ಅವಳ ಬಳಿ ಇದ್ದದ್ದು ಊಟ, ನೀರು, ನಿದ್ದೆ ಎನ್ನುವಂಥ ನಾಲ್ಕೈದು ಮನೆ ಸನ್ನೆ ಮಾತ್ರ. ಭಾಷೆ ಎಂದು ಅವಳು ಕಲಿತದ್ದು ಗಂಡನಿಂದ. ಅಣ್ಣನ ಜೊತೆ ಬೆಳೆದ ನಸೀಮಾಗೂ ಬಹುಪಾಲು ಬರುತ್ತಿತ್ತು. ಮಿಕ್ಕಂತೆ ಈ ಗಂಡ ಹೆಂಡತಿಗೆ ವಿಡಿಯೊ ಕರೆ ಇಲ್ಲದಿದ್ದರೆ ಮಾತೇ ಇಲ್ಲ. ನಮ್ಮ ನಿಮ್ಮ ಮನೆಗಳಲ್ಲಾದರೆ ವಿಡಿಯೊ ನಿಂತರೆ ಬರೀ ಫೋನಿನಲ್ಲಿ ಮಾತಾಡುತ್ತೇವೆ.

ಪರೀಕ್ಷೆ ಶುರು ಮಾಡಿದೆ. ಸಫಿಯಾಳ ಫೋನಿನಿಂದ ನನ್ನ ಫೋನಿಗೆ ವಿಡಿಯೊ ಕರೆ ಮಾಡಿದೆವು, ಸಲೀಸಾಗಿ ಹೋಯಿತು. ನಸೀಮಾರ ಚಿಕ್ಕಪ್ಪನ ಮಗ ಕೊಲ್ಲಿಯಲ್ಲಿ, ಹನೀಫ್ ಇದ್ದ ದೇಶದಲ್ಲೇ ಇದ್ದ. ಅವನಿಗೆ ಮಾಡಿದೆವು, ಅದೂ ಹೋಯಿತು. ಅಲ್ಲಿ ಮೊದಲು ಇಂಟರ್ನೆಟ್ ಕರೆಗೆ ತಡೆ ಇತ್ತು, ಆಮೇಲೆ ತೆಗೆದಿದ್ದರು. ಕೊನೆಗೆ ಹನೀಫನಿಗೆ ಮಾಡಿದೆವು. ರಿಂಗ್ ಆಯಿತು, ಆಚೆಯಿಂದ ಎತ್ತಿದರು. ಅಷ್ಟೆ. ಸಫಿಯಾಳ ಸ್ವಂತ ಚಿತ್ರ ಮೂಲೆಗೆ ಸರಿದು ಉಳಿದ ಪರದೆ ಪೂರ್ತಿ ಕಪ್ಪಾಯಿತು. ಕೆಳಗೆ ಸಂಪರ್ಕಿಸಲಾಗುತ್ತಿದೆ ಎಂಬ ಅಕ್ಷರ ಇಂಗ್ಲಿಷಿನಲ್ಲಿ ಮಿನುಗುತ್ತಿತ್ತು.

ನಾನು ನೋಡಿದ್ದು ಅಷ್ಟು ಹೊತ್ತು ಪರದೆಯನ್ನು. ಆಮೇಲೆ ಸಫಿಯಾಳನ್ನು ನೋಡಿದೆ. ಅವಳು ಕರೆಯನ್ನು ಕಡಿಯುತ್ತಿಲ್ಲ. ಫೋನನ್ನು ಗೋಡೆಗೆ ಒರಗಿಸಿಟ್ಟು, ಎದುರು ಚಕ್ಕಳಮಕ್ಕಳ ಹಾಕಿ ಕೂತು, ಆ ಕಪ್ಪನ್ನೇ ನೋಡುತ್ತಿದ್ದಾಳೆ. ಆ್ಯಪ್ ತಾನಾಗಿ ಕಡಿಯುವ ತನಕ ಕೂತಳು. ಕಡಿದ ಕೂಡಲೇ ಮತ್ತೆ ಒತ್ತಿದಳು. ಮತ್ತೆ ಕಪ್ಪು, ಮತ್ತೆ ಕಾಯುವುದು.

"ಇವರು ಎಂತ ಕಾಯ್ತಾ ಇದ್ದಾರೆ?" ಎಂದು ನಸೀಮಾರನ್ನು ಕೇಳಿದೆ.

"ಅಣ್ಣ ಕೈ ತೆಗೆಯಲಿ ಅಂತ" ಎಂದರು ಆಕೆ.

ಆ ಗಂಡ ಹೆಂಡಿರ ನಡುವೆ ಒಂದು ಕ್ರಮ ಇತ್ತು. ಕಿವಿ ಕೇಳುವವರು ಜಗಳವಾಡಿದರೆ ಬಾಯಿ ಮುಚ್ಚುತ್ತಾರೆ, ಬೆನ್ನು ಹಾಕುತ್ತಾರೆ. ಹನೀಫ್ ಸಿಟ್ಟು ಬಂದರೆ ಅಂಗೈಯನ್ನು ಕ್ಯಾಮೆರಾದ ಮೇಲೆ ಇಡುತ್ತಿದ್ದ. ಇತ್ತ ಪರದೆ ಕಪ್ಪಾಗುತ್ತಿತ್ತು. ಆಗ ಸಫಿಯಾ ಕರೆ ಕಡಿಯಬಾರದು. ಕಡಿದರೆ ತಾನೂ ಮುನಿದಂತೆ. ಸುಮ್ಮನೆ ಕೂತಿರಬೇಕು, ಅವನು ಕೈ ತೆಗೆಯುತ್ತಾನೆ, ಇಬ್ಬರೂ ನಗುತ್ತಾರೆ, ಮಾತು ಮುಂದುವರಿಯುತ್ತದೆ. ಅವಳ ಸರದಿ ಬಂದರೆ ಅವನೂ ಹಾಗೆಯೇ ಕಾಯುತ್ತಿದ್ದ. ಕೊನೆಯದಾಗಿ ಇಬ್ಬರೂ ಮಾತಾಡಿದ ದಿನ ಜಗಳವಾಗಿತ್ತು. ಅವಳಿಗೆ ಆಗ ಆರು ತಿಂಗಳು ತುಂಬಿತ್ತು. ಹೆರಿಗೆಗೆ ಬರಲೇಬೇಕು ಎಂದು ಇವಳು, ಹೊಸ ಸೈಟಿಗೆ ಕಳಿಸುತ್ತಿದ್ದಾರೆ, ರಜೆ ಇಲ್ಲ ಎಂದು ಅವನು. ಅವನು ಕ್ಯಾಮೆರಾದ ಮೇಲೆ ಕೈ ಇಟ್ಟ. ಆ ದಿನ ಕರೆ ಹಾಗೆಯೇ ಕಡಿದುಹೋಯಿತು. ಮರುದಿನದಿಂದ ಯಾವಾಗ ಮಾಡಿದರೂ ಕಪ್ಪು.

ನಸೀಮಾ ಇದನ್ನು ಹೇಳುವಾಗ ಸಫಿಯಾ ನಮ್ಮ ತುಟಿಗಳನ್ನು ನೋಡುತ್ತಿದ್ದಳು. ನಸೀಮಾ ಅವಳಿಗೆ ಬೆನ್ನಾಗಿ ಹೊಲಿಗೆ ಮಿಷನ್ ಕಡೆ ತಿರುಗಿ ನಿಂತು ಉಳಿದದ್ದನ್ನು ಹೇಳಿದರು.

"ಏಳನೇ ತಿಂಗಳಲ್ಲಿ ಮಗು ಹೋಯಿತು ಮೇಡಂ. ಹೆಣ್ಣು. ಅಣ್ಣನಿಗೆ ಗೊತ್ತಿಲ್ಲ. ಮೆಸೇಜಲ್ಲಿ ಎಂತ ಅಂತ ಬರೆಯುದು, ಅವನಿಗೆ ಓದಲಿಕ್ಕೂ ಸರಿ ಬರುದಿಲ್ಲ. ಚಿಕ್ಕಪ್ಪನ ಮಗನ ಹತ್ತಿರ ಹೋಗಿ ಹೇಳಲಿಕ್ಕೆ ಹೇಳುವ ಅಂದ್ರೆ ಇವಳು ಬಿಡುದಿಲ್ಲ. ನನ್ನ ಮಗು, ನಾನೇ ಹೇಳ್ತೇನೆ ಅಂತ ಹಟ. ವಿಡಿಯೊ ತೆಗೆದು ಕಳಿಸುವ ಅಂದ್ರೂ ಬೇಡ, ಅವನ ಮುಖ ನೋಡಿಯೇ ಹೇಳಬೇಕಂತೆ. ನಾನು ಎಲ್ಲರೂ ಕ್ಷೇಮ ಅಂತ ಕಳಿಸ್ತಾ ಇದ್ದೇನೆ. ಅವನು ಹೆಬ್ಬೆರಳಿನ ಚಿತ್ರ ಕಳಿಸ್ತಾನೆ. ಈಗ ಇವಳು ಎಣಿಸಿಕೊಂಡದ್ದು ಎಂತ ಗೊತ್ತುಂಟಾ? ಮಗು ಹೋದದ್ದು ಅವನಿಗೆ ಯಾರೋ ಹೇಳಿದ್ದಾರೆ, ಅದಕ್ಕೇ ಕೈ ತೆಗೆಯುದಿಲ್ಲ ಅಂತ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನನಗೆ ಮಕ್ಕಳಿದ್ದಾರೆ. ಆ ಹುಡುಗಿ ಗೋಡೆಯ ಎದುರು ಕೂತಿದ್ದ ರೀತಿಯನ್ನು ನೋಡಲಾಗದೆ ನಾನು ರೂಟರ್ ಪರೀಕ್ಷಿಸುವ ನೆಪದಲ್ಲಿ ಆಚೆ ತಿರುಗಿದೆ.

ನಮ್ಮ ಲೈನಿನಲ್ಲಿ ದೋಷ ಇಲ್ಲ ಎಂದು ಬರೆದು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಅದೇ ದೇಶದಲ್ಲಿರುವ ಚಿಕ್ಕಪ್ಪನ ಮಗನಿಗೆ ಹೋಗುವ ಕರೆ ಹನೀಫನಿಗೆ ಯಾಕೆ ಹೋಗುವುದಿಲ್ಲ? ಹೊಸ ಸೈಟು ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ನಸೀಮಾಗೆ ಅವರ ಫೋನಿನ ಫೋಟೊ ತೆಗೆಯಲು ಹೇಳಿ, ಪರದೆಯ ಮೇಲ್ತುದಿಯಲ್ಲಿ ಮೊಬೈಲ್ ಕಂಪನಿಯ ಹೆಸರು ಬರುತ್ತದಲ್ಲ, ಅಲ್ಲಿಗೆ ಒಂದು ಸುತ್ತು ಹಾಕಿ ಹನೀಫನಿಗೆ ಕಳಿಸಿದೆವು. ನಿನ್ನದರಲ್ಲಿ ಅದನ್ನು ತೋರಿಸು ಎಂದು ಅರ್ಥ. ಚುರುಕಿನ ಮನುಷ್ಯ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವನ ಪರದೆಯ ಚಿತ್ರ ಬಂತು. ಆ ಕಂಪನಿಯ ಹೆಸರು ನನಗೆ ಗೊತ್ತಿತ್ತು. ಅದು ಬೇರೆ ದೇಶದ್ದು.

ಹೊಸ ಸೈಟು ಎಂದರೆ ಗಡಿಯಾಚೆಯ ದೇಶ. ಕಂಪನಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹೊಸ ಸಿಮ್ ಕೊಟ್ಟಿದೆ. ಆ್ಯಪಿನಲ್ಲಿ ಮಾತ್ರ ಹಳೆಯ ದೇಶದ ನಂಬರೇ ಉಳಿದಿದೆ. ಸಿಮ್ ಬದಲಾದರೂ ಆ್ಯಪಿನ ನಂಬರು ತಾನಾಗಿ ಬದಲಾಗುವುದಿಲ್ಲ. ಪಾಣೆಮಂಗಳೂರಿನಲ್ಲಿ ಕೊಲ್ಲಿಯ ಸಂಬಂಧ ಇಲ್ಲದ ಮನೆ ಕಡಿಮೆ. ಯಾವ ದೇಶದಲ್ಲಿ ಕರೆ ಬರುತ್ತದೆ, ಯಾವುದರಲ್ಲಿ ಇಲ್ಲ ಎಂಬುದು ಅಲ್ಲಿನ ಅಂಗಡಿಯವರಿಗೂ ಗೊತ್ತು. ಆದರೆ ನಂಬರು ನೋಡಿದವರೆಲ್ಲ ಅವನು ಹಳೆಯ ಜಾಗದಲ್ಲೇ ಇದ್ದಾನೆ ಎಂದುಕೊಂಡರು, ಹಾಗಾಗಿ ದೋಷ ನಮ್ಮ ಲೈನಿನದು ಎಂದಾಯಿತು.

ಈ ನಿಯಮ ದೇಶದಿಂದ ದೇಶಕ್ಕೆ ಹೇಗೆ ಬೇರೆಯಾಗುತ್ತದೆ ಎಂದು ನಾನು ಇಲಾಖೆಯ ತರಬೇತಿಯಲ್ಲಿ ಕೇಳಿದ್ದೆ. ಯುರೋಪಿನಲ್ಲಿ ಬಳಕೆದಾರನಿಗೆ ತನಗೆ ಬೇಕಾದ ಸೇವೆಯನ್ನು ಬಳಸುವ ಹಕ್ಕನ್ನು ಕಾನೂನಿನಲ್ಲೇ ಬರೆದಿದ್ದಾರೆ. ಅಮೆರಿಕದಲ್ಲಿ ಒಂದು ಸರ್ಕಾರ ನಿಯಮ ತರುವುದು, ಇನ್ನೊಂದು ತೆಗೆಯುವುದು, ಮಧ್ಯೆ ಕೋರ್ಟು, ಹೀಗೆ ನಡೆಯುತ್ತಿರುತ್ತದೆ. ಕೊಲ್ಲಿಯ ಕೆಲವು ದೇಶಗಳಲ್ಲಿ ಇಂಟರ್ನೆಟ್ಟಿನ ಮೇಲಿನ ಮಾತನ್ನೂ ಫೋನ್ ಮಾತೆಂದೇ ಲೆಕ್ಕ ಹಿಡಿಯುತ್ತಾರೆ. ಪರವಾನಗಿ ಪಡೆದ ಕೆಲವೇ ಆ್ಯಪುಗಳಿಗೆ ಅವಕಾಶ, ಅದಕ್ಕೂ ಹಲವು ಕಡೆ ತಿಂಗಳಿಗೆ ಇಂತಿಷ್ಟು ಎಂದು ಪ್ರತ್ಯೇಕ ಪ್ಯಾಕೇಜ್ ಹಾಕಿಸಿಕೊಳ್ಳಬೇಕು. ಉಳಿದವುಗಳ ಮೆಸೇಜು ಹೋಗುತ್ತದೆ, ಕರೆಯ ಪ್ಯಾಕೆಟ್ಟನ್ನು ಮಾತ್ರ ಗುರುತು ಹಿಡಿದು ತಡೆಯುತ್ತಾರೆ. ತರಬೇತಿಯಲ್ಲಿ ಇದನ್ನು ಪರದೆಯ ಮೇಲೆ ಬಣ್ಣ ಬಣ್ಣದ ನಕಾಶೆಯಲ್ಲಿ ತೋರಿಸಿದ್ದರು. ಮಧ್ಯಾಹ್ನದ ಊಟವಾದ ಮೇಲಿನ ತರಗತಿ, ಅರ್ಧ ಜನ ತೂಕಡಿಸುತ್ತಿದ್ದೆವು.

ಈಗ ಇದನ್ನು ಸಫಿಯಾಗೆ ಹೇಳಬೇಕಿತ್ತು. ನಾನು ಹೇಳಿದ್ದನ್ನು ನಸೀಮಾ ಕೈಯಲ್ಲಿ ಹೇಳುತ್ತಾ ಹೋದರು. ಅಣ್ಣ ಬೇರೆ ದೇಶದಲ್ಲಿದ್ದಾನೆ. ಆ ದೇಶದವರು ಕರೆಯನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಇದು ಅವನ ಕೈ ಅಲ್ಲ. ಸಫಿಯಾ ಕೊನೆಯ ಮಾತನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಫೋನನ್ನು ತೋರಿಸಿ, ಗಂಡನಿದ್ದ ದಿಕ್ಕು ಎಂದು ಅವಳು ತಿಳಿದಿದ್ದ ಪಶ್ಚಿಮದ ಕಡೆ ಬೆರಳು ಮಾಡಿ ಏನೋ ಕೇಳಿದಳು.

"ಹಾಗಾದ್ರೆ ಅವನಿಗೂ ಅಲ್ಲಿ ಕಪ್ಪು ಕಾಣ್ತದಾ ಅಂತ ಕೇಳ್ತಾಳೆ" ಎಂದರು ನಸೀಮಾ.

ಹೌದು ಎಂದು ನಾನು ತಲೆಯಾಡಿಸಿದೆ. ಸಫಿಯಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಷ್ಟು ದಿನದಿಂದ ಅಲ್ಲಿ ಅವನೂ ಇವಳು ಕೈ ತೆಗೆಯಲಿ ಎಂದು ಕೂತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು.

ನನ್ನ ಅಧಿಕೃತ ಕೆಲಸ ಅಲ್ಲಿಗೆ ಮುಗಿದಿತ್ತು. ನಮ್ಮ ದೇಶದ ನಿಯಮ ನಮ್ಮ ಗಡಿಯವರೆಗೆ. ಆದರೆ ಎದ್ದು ಬರಲು ಮನಸ್ಸಾಗಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಬಂದು, "ಅದಕ್ಕೆಂತ ಮಾರಾಯ್ರೆ, ವಿಪಿಎನ್ ಹಾಕಿಸುವ. ಎಷ್ಟು ಜನ ಹಾಕಿ ಮಾತಾಡುದಿಲ್ಲ" ಎಂದರು. ವಿಪಿಎನ್ ಎಂದರೆ ಪ್ಯಾಕೆಟ್ಟನ್ನು ಇನ್ನೊಂದು ಲಕೋಟೆಯೊಳಗೆ ಹಾಕಿ ಗುರುತು ಸಿಗದ ಹಾಗೆ ದಾಟಿಸುವ ಉಪಾಯ. ಅಲ್ಲಿನ ಕಾನೂನಿನಲ್ಲಿ ತಡೆದ ಸೇವೆಗಾಗಿ ಅದನ್ನು ಬಳಸಿದರೆ ದಂಡ, ಜೈಲು ಎರಡಕ್ಕೂ ಅವಕಾಶ ಇತ್ತು. ನಾನು ಖಡಾಖಂಡಿತವಾಗಿ ಬೇಡ ಎಂದೆ. ಸಿಕ್ಕಿಬಿದ್ದರೆ ಆ ಮನುಷ್ಯ ಪೊಲೀಸರಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕು?

ಉಳಿದದ್ದು ಪರವಾನಗಿ ಇರುವ ಆ್ಯಪು. ಇಲ್ಲಿ ಅದನ್ನು ಸಫಿಯಾಳ ಫೋನಿಗೆ ಹಾಕಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಎರಡು ನಿಮಿಷದ ಕೆಲಸ. ಅಲ್ಲಿ ಪ್ಯಾಕೇಜನ್ನು ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹಾಕಿಸಬೇಕು. ಹನೀಫನ ಸಿಮ್ ಕಂಪನಿಯ ಹೆಸರಿನಲ್ಲಿತ್ತು. ಕಂಪನಿಯ ಕಚೇರಿಗೆ ನಾನೇ ಬರೆದೆ, ನಸೀಮಾ ಬರೆದರು. ಉತ್ತರ ಬರಲಿಲ್ಲ. ಆ ದಿನಗಳಲ್ಲಿ ನಸೀಮಾ ದಿನಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದರು. ಸಫಿಯಾ ಕಪ್ಪು ಪರದೆಗೆ ಕರೆ ಮಾಡುವುದನ್ನು ಬಿಟ್ಟಿದ್ದಾಳೆ, ಆದರೆ ಊಟವನ್ನೂ ಬಿಡುತ್ತಿದ್ದಾಳೆ ಎಂದು ಒಮ್ಮೆ ಹೇಳಿದರು. ಹೆರಿಗೆಯ ದಿನ ಹತ್ತಿರ ಬಂದಿದೆ ಎಂದು ಹನೀಫ್ ಲೆಕ್ಕ ಹಾಕಿಕೊಂಡಿದ್ದಾನೆ, ತೊಟ್ಟಿಲ ಚಿತ್ರ ಕಳಿಸುತ್ತಿದ್ದಾನೆ ಎಂದು ಇನ್ನೊಮ್ಮೆ.

ನನ್ನ ಮೈದುನ ಜಗದೀಶ ಹನೀಫ್ ಈಗ ಇದ್ದ ದೇಶದಲ್ಲೇ ಒಂದು ಹೋಟೆಲಿನಲ್ಲಿ ಕ್ಯಾಷಿಯರ್ ಆಗಿದ್ದ. ಮೂಡುಬಿದಿರೆಯಲ್ಲಿರುವ ತನ್ನ ಮಕ್ಕಳನ್ನು ನೋಡಲೆಂದು ಅವನು ತನ್ನ ಫೋನಿಗೆ ಆ ಪ್ಯಾಕೇಜ್ ಹಾಕಿಸಿಕೊಂಡಿದ್ದ. ಅವನನ್ನು ಕೇಳಿದೆ. ಮೊದಲು ಸ್ವಲ್ಪ ಗೊಣಗಿದ. ವಾರಕ್ಕೊಂದು ರಜೆ, ಆ ಕ್ಯಾಂಪು ಊರಿನಿಂದ ತುಂಬ ಹೊರಗೆ, ಒಳಗೆ ಬಿಡುತ್ತಾರೋ ಇಲ್ಲವೋ ಎಂದ. ಕೊನೆಗೆ, "ಆಯ್ತು ಅತ್ತಿಗೆ, ಹೋಗ್ತೇನೆ. ಎಂತ ಮಾತಾಡಲಿಕ್ಕುಂಟು ಅವರಿಗೆ?" ಎಂದು ಕೇಳಿದ. ಅದನ್ನು ನಾನು ಹೇಳಲಿಲ್ಲ. ಯಾರೂ ಹೇಳಕೂಡದು ಎಂದು ಸಫಿಯಾ ನನ್ನಿಂದಲೂ ಮಾತು ತೆಗೆದುಕೊಂಡಿದ್ದಳು.

ಜಗದೀಶನ ರಜೆಯ ದಿನ ಮಧ್ಯಾಹ್ನ ನಾನು ಪಾಣೆಮಂಗಳೂರಿಗೆ ಹೋದೆ. ಹನೀಫನ ಲೆಕ್ಕದಲ್ಲಿ ಅಷ್ಟರಲ್ಲಿ ಹೆರಿಗೆ ಆಗಿರಬೇಕಿತ್ತು. ನಸೀಮಾರ ತಾಯಿ ಒಳಕೋಣೆಯಲ್ಲಿ ನಮಾಜಿನ ಚಾಪೆ ಬಿಟ್ಟು ಏಳಲೇ ಇಲ್ಲ. ಸಫಿಯಾ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಬೆಳಕು ಮುಖಕ್ಕೆ ಬೀಳುವಂತೆ ಕಿಟಕಿಯ ಎದುರು ಕೂತಿದ್ದಳು. ಸನ್ನೆಗೆ ಬೆಳಕು ಬೇಕು.

ಕರೆ ಬಂತು. ಮೊದಲು ಜಗದೀಶನ ಮುಖ, ಆಮೇಲೆ ಅವನು ಫೋನನ್ನು ತಿರುಗಿಸಿ ಹಿಡಿದಾಗ ಹನೀಫನ ಮುಖ. ಇಸ್ತ್ರಿ ಮಾಡಿದ ಅಂಗಿ ಹಾಕಿ ತಲೆ ಬಾಚಿಕೊಂಡಿದ್ದ. ಹೆಂಡತಿಯನ್ನು ಕಂಡದ್ದೇ ಅವನು ಎರಡೂ ಅಂಗೈಗಳನ್ನು ಅಗಲಿಸಿ ತೋರಿಸಿದ, ನೋಡು, ನಾನು ಮುಚ್ಚಿರಲಿಲ್ಲ ಎನ್ನುವ ಹಾಗೆ. ಸಫಿಯಾಳೂ ತೋರಿಸಿದಳು. ಅವನು ನಗುತ್ತಾ ಪಕ್ಕದಿಂದ ಏನೋ ಎತ್ತಿ ಕ್ಯಾಮೆರಾಕ್ಕೆ ಹಿಡಿದ. ಪ್ಲಾಸ್ಟಿಕ್ ಕವರಿನೊಳಗೆ ಒಂದು ಪುಟ್ಟ ಫ್ರಾಕು. ತೋಳುಗಳನ್ನು ತೂಗಿ, ತೋರಿಸು, ತೋರಿಸು ಎಂದು ಕೇಳಿದ. ಅದಕ್ಕೆ ನಸೀಮಾ ನನಗೆ ಅರ್ಥ ಹೇಳಬೇಕಾಗಿರಲಿಲ್ಲ.

ಸಫಿಯಾ ಹೇಳತೊಡಗಿದಳು. ಆಗಲೇ ಚಿತ್ರ ನಿಂತಿತು. ನಗುತ್ತಿದ್ದ ಹನೀಫ್ ನಗುತ್ತಲೇ ಪರದೆಯ ಮೇಲೆ ಕಲ್ಲಾಗಿಬಿಟ್ಟ. ಇಂಟರ್ನೆಟ್ ಸಾಲದಾದಾಗ ಈ ಆ್ಯಪುಗಳು ಮೊದಲು ಚಿತ್ರವನ್ನು ಬಿಟ್ಟು ದನಿಯನ್ನು ಉಳಿಸಿಕೊಳ್ಳುತ್ತವೆ. ಜನರಿಗೆ ಬೇಕಾದದ್ದು ಮಾತು ಎಂಬ ಲೆಕ್ಕದಲ್ಲಿ ಮಾಡಿದ ಏರ್ಪಾಡು. ಪ್ಯಾಕೇಜ್ ಇದ್ದ ಜಗದೀಶನ ಫೋನು ಕ್ಯಾಂಪಿನ ವೈಫೈ ಹಿಡಿದುಕೊಂಡಿತ್ತು, ಅದಕ್ಕೆ ನೂರಾರು ಜನ ಜೋತುಬಿದ್ದಿದ್ದರು. ಹೀಗಾಗಿ ಅಲ್ಲಿನ ಫ್ಯಾನಿನ ಸದ್ದು, ಯಾರೋ ಪಾತ್ರೆ ತೊಳೆಯುವ ಸದ್ದು, ಎಲ್ಲವೂ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಅತ್ತಿಗೆ, ನಿಮ್ಮ ಸ್ವರ ಚಂದ ಕೇಳ್ತದೆ, ಚಿತ್ರ ನಿಂತಿದೆ. ಇವರು ಮಗು ತೋರಿಸಲಿಕ್ಕೆ ಹೇಳ್ತಿದ್ದಾರೆ ಅಂತ ಕಾಣ್ತದೆ. ಎಂತ ಹೇಳುದು ನಾನು?" ಎಂದಿತು ಜಗದೀಶನ ದನಿ.

ಸಫಿಯಾಗೆ ಚಿತ್ರ ನಿಂತದ್ದು ತಿಳಿಯಲಿಲ್ಲ. ಅವಳು ಆಸ್ಪತ್ರೆಗೆ ಹೋದದ್ದನ್ನು, ಮಗು ಹೋದದ್ದನ್ನು, ಮಸೀದಿಯ ಹಿಂದೆ ಮಣ್ಣು ಮಾಡಿದ್ದನ್ನು ಹೇಳುತ್ತಾ ಹೋದಳು. ಎದುರಿಗೆ ಅವನು ನಗುತ್ತಲೇ ಇದ್ದ. ಅವಳ ಕೈ ನಿಧಾನವಾಯಿತು, ನಿಂತಿತು. ಅವಳು ನಸೀಮಾರ ಕಡೆ ನೋಡಿದ ನೋಟವನ್ನು ನನ್ನಿಂದ ಬರೆಯಲಾಗುವುದಿಲ್ಲ.

ಚಿತ್ರ ಬಂತು. ಅವನು ಇನ್ನೂ ತೋಳು ತೂಗುತ್ತಿದ್ದ. ನಸೀಮಾ ಅಳುತ್ತಾ, "ಮೇಡಂ, ಅವರ ಹತ್ತಿರ ಹೇಳಿಬಿಡುವ. ಅವರು ಹೇಗಾದರೂ ತಿಳಿಸಲಿ" ಎಂದರು. ಅವರ ಮುಖ ನೋಡಿಯೇ ಸಫಿಯಾಗೆ ತಿಳಿಯಿತು. ನಾದಿನಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ತಲೆ ಅಲ್ಲಾಡಿಸಿದಳು. ಮತ್ತೆ ಮೊದಲಿನಿಂದ ಹೇಳಿದಳು. ಅರ್ಧಕ್ಕೆ ಮತ್ತೆ ಚಿತ್ರ ನಿಂತಿತು.

ನನಗೆ ತಿಳಿದಿದ್ದ ವಿದ್ಯೆ ಅಷ್ಟರಲ್ಲಿ ತಲೆಗೆ ಬಂತು. "ಜಗದೀಶ, ವೈಫೈ ತೆಗಿ. ನಿನ್ನ ಮೊಬೈಲ್ ಡೇಟಾ ಹಾಕು. ಅವರನ್ನು ಕಟ್ಟಡದ ಹೊರಗೆ, ಬಯಲಿಗೆ ಕರ್ಕೊಂಡು ಹೋಗು" ಎಂದೆ. ಹೆಜ್ಜೆಯ ಸದ್ದು, ಗೇಟಿನ ಸದ್ದು ಕೇಳಿತು. ಆಮೇಲೆ ಉರಿಬಿಸಿಲಿನಲ್ಲಿ ಹನೀಫನ ಮುಖ ಕಂಡಿತು, ಈಗ ತಡೆಯಿಲ್ಲದೆ. ಅವನಿಗೆ ಏನೋ ಅನುಮಾನ ಬಂದಿತ್ತು. ಫ್ರಾಕಿನ ಕವರು ಕಂಕುಳಲ್ಲಿತ್ತು. ಸಫಿಯಾ ಮೂರನೇ ಸಲ ಹೇಳಿದಳು. ಈ ಸಲ ಅವನು ಪೂರ್ತಿ ನೋಡಿದ.

ಅವನು ನಿಂತಲ್ಲೇ ನಿಂತ. ಆಮೇಲೆ ಎಡಗೈಯನ್ನು ಎದೆಯ ಹತ್ತಿರ ತಂದು, ಅದರ ಹಿಂಬದಿಗೆ ಬಲಗೈ ಬೆರಳಿನಿಂದ ಮೆಲ್ಲಗೆ ತಟ್ಟಿದ. ಮತ್ತೆ ತಟ್ಟಿದ. ಇತ್ತ ಸಫಿಯಾಳೂ ಹಾಗೆಯೇ ತಟ್ಟಿದಳು. ಇಬ್ಬರೂ ಬೇರೇನೂ ಹೇಳದೆ ಬಹಳ ಹೊತ್ತು ಅದನ್ನೇ ಮಾಡಿದರು. ನಾನು ನಸೀಮಾರ ಮುಖ ನೋಡಿದೆ. ಗೊತ್ತಿಲ್ಲ ಎಂದು ಅವರು ತಲೆ ಅಲ್ಲಾಡಿಸಿದರು.

"ಎಂತಾಯ್ತು ಅತ್ತಿಗೆ? ಯಾರಾದರೂ ಮಾತಾಡಿ" ಎಂದು ಜಗದೀಶ ಕೇಳುತ್ತಲೇ ಇದ್ದ.

ಹನೀಫನಿಗೆ ರಜೆ ಸಿಕ್ಕಿದ್ದು ಮುಂದಿನ ವರ್ಷ. ನಾನು ದೂರಿಗೆ ಉತ್ತರ ಬರೆದೆ. ನಮ್ಮ ಜಾಲದಲ್ಲಿ ಯಾವುದೇ ಕರೆಯನ್ನು ತಡೆದಿಲ್ಲ, ತಡೆ ಇರುವುದು ಇನ್ನೊಂದು ದೇಶದಲ್ಲಿ, ಅಲ್ಲಿನ ನಿಯಮದ ಪ್ರಕಾರ. ಬರೆದ ಪ್ರತಿ ಅಕ್ಷರವೂ ಸತ್ಯ. ನಸೀಮಾ ದೂರು ಹಿಂಪಡೆಯಲು ಬಂಟ್ವಾಳದ ಕಚೇರಿಗೆ ಬಂದಾಗ ನಾನು ಆ ತಟ್ಟುವ ಸನ್ನೆಯ ಬಗ್ಗೆ ಕೇಳಿದೆ.

ನಸೀಮಾ ಹೇಳಿದರು: "ನಾನೂ ಆಮೇಲೆ ಅವಳನ್ನು ಕೇಳಿದೆ ಮೇಡಂ. ಮಗು ಹೊಟ್ಟೆಯಲ್ಲಿ ಒದೆಯುವಾಗೆಲ್ಲ ಅವಳು ಹಾಗೆ ತಟ್ಟಿ ಅಣ್ಣನಿಗೆ ಹೇಳ್ತಿದ್ದಳಂತೆ. ಹೇಳಿ ಹೇಳಿ ಅದೇ ಹೆಸರಾಯ್ತಂತೆ. ಪಾಪದ ಮಗು, ಹೆಸರಿಡುವ ಮೊದಲೇ ಹೋಯ್ತು ಅಂತ ನಾವೆಲ್ಲ ಎಣಿಸಿದ್ದೆವು. ಅವಳಿಗೆ ಹೆಸರು ಇತ್ತು."

ಪ್ಯಾಕೆಟ್ಟಿನೊಳಗೆ ಏನಿದೆ ಎಂದು ನೋಡಬಾರದು ಎಂಬುದು ನಮ್ಮ ದೇಶದ ನಿಯಮ. ಒಳ್ಳೆಯ ನಿಯಮ, ಅದು ಎಲ್ಲ ದೇಶದಲ್ಲೂ ಇರಬೇಕು ಎಂದು ನಾನು ಈಗ ತೂಕಡಿಸದೆ ಹೇಳಬಲ್ಲೆ. ಆದರೆ ದೂರು ಕೊಟ್ಟವರ ಎದುರು ಕೂತಾಗ ಆ ನಿಯಮ ನಡೆಯುವುದಿಲ್ಲ ಎಂದು ಪಾಣೆಮಂಗಳೂರು ನನಗೆ ಕಲಿಸಿತು. ನಿವೃತ್ತಿಯಾಗುವವರೆಗೂ, ಕರೆ ಹೋಗುವುದಿಲ್ಲ ಎಂದು ಯಾರೇ ಬಂದರೂ ರೂಟರ್ ಮುಟ್ಟುವ ಮೊದಲು ನಾನು ಅವರನ್ನು ಕೇಳುತ್ತಿದ್ದೆ, ಯಾರಿಗೆ, ಏನು ಹೇಳಬೇಕಿತ್ತು ಎಂದು.